ಇನ್‌ಟು ದಿ ಆರ್ಮ್ಸ್ ಆಫ್ ಸ್ಟ್ರೇಂಜರ್ಸ್ (ಸಾಕ್ಷ್ಯಚಿತ್ರ)

'ಇನ್‌ಟು ದಿ ಆರ್ಮ್ಸ್ ಆಫ್ ಸ್ಟ್ರೇಂಜರ್ಸ್: ಸ್ಟೋರೀಸ್ ಆಫ್ ದಿ ಕಿಂಡರ್‌ಟ್ರಾನ್ಸ್‌ಪೋರ್ಟ್' ೨೦೦೦ನೇ ಇಸವಿಯಲ್ಲಿ ತೆರೆಕಂಡ ಅಮೆರಿಕದ ಇಂಗ್ಲಿಷ್ ಸಾಕ್ಷ್ಯಚಿತ್ರ. ಎರಡನೆಯ ಮಹಾಯುದ್ಧ ಆರಂಭವಾಗುವುದಕ್ಕೆ ಮುಂಚಿನ ಒಂಬತ್ತು ತಿಂಗಳುಗಳಲ್ಲಿ ನಾಜಿ ಆಡಳಿತದ ಜರ್ಮನಿ, ಆಸ್ಟ್ರಿಯಾ ಮತ್ತು ಚೆಕೊಸ್ಲೊವಾಕಿಯಗಳಿಂದ ತಂದೆತಾಯಿಯರಿಲ್ಲದೆ ಬ್ರಿಟನ್ನಿಗೆ ಕಳುಹಿಸಲ್ಪಟ್ಟ ಸುಮಾರು ೧೦,೦೦೦ ಮಕ್ಕಳ ಕಥೆಯನ್ನು ಈ ಚಿತ್ರ ಹೇಳುತ್ತದೆ. ಆ ಮಕ್ಕಳಲ್ಲಿ ಕೆಲವರು ಅರುವತ್ತು ವರ್ಷಗಳ ನಂತರ, ತಮ್ಮ ಇಳಿವಯಸ್ಸಿನಲ್ಲಿ, ಕ್ಯಾಮೆರಾದ ಮುಂದೆ ಕುಳಿತು ನೀಡಿದ ಹೇಳಿಕೆಗಳೇ ಚಿತ್ರದ ಮುಖ್ಯ ಆಧಾರ. ಚಿತ್ರದ ಶೀರ್ಷಿಕೆಗೆ 'ಅಪರಿಚಿತರ ತೋಳುಗಳಿಗೆ' ಎಂಬ ಅರ್ಥವಿದೆ.

ಚಿತ್ರವನ್ನು ಮಾರ್ಕ್ ಜೊನಾಥನ್ ಹ್ಯಾರಿಸ್ ಬರೆದು ನಿರ್ದೇಶಿಸಿದ್ದಾರೆ. ಡೆಬೊರಾ ಒಪನ್‌ಹೈಮರ್ ಇದರ ನಿರ್ಮಾಪಕಿ. ಬ್ರಿಟಿಷ್ ನಟಿ ಜೂಡಿ ಡೆಂಚ್ ನಿರೂಪಣೆಗೆ ದನಿ ನೀಡಿದ್ದಾರೆ. ೨೦೦೧ರಲ್ಲಿ ನಡೆದ ೭೩ನೆಯ ಅಕಾಡೆಮಿ ಪ್ರಶಸ್ತಿ ಸಮಾರಂಭದಲ್ಲಿ ಇದು ಅತ್ಯುತ್ತಮ ಸಾಕ್ಷ್ಯಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆಯಿತು. ೨೦೧೪ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ತನ್ನ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿಸಿತು.

ಐತಿಹಾಸಿಕ ಹಿನ್ನೆಲೆ

೧೯೩೩ರಲ್ಲಿ ಅಡಾಲ್ಫ್ ಹಿಟ್ಲರ್ ಜರ್ಮನಿಯ ಅಧಿಕಾರ ಹಿಡಿದ ಬಳಿಕ ಅಲ್ಲಿನ ಯೆಹೂದಿಗಳ ನಾಗರಿಕ ಹಕ್ಕುಗಳನ್ನು ಹಂತಹಂತವಾಗಿ ಕಸಿದುಕೊಳ್ಳಲಾಯಿತು. ೧೯೩೮ರ ಮಾರ್ಚ್‌ನಲ್ಲಿ ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡಾಗ ಅಲ್ಲಿನ ಯೆಹೂದಿಗಳೂ ಅದೇ ಸ್ಥಿತಿಗೆ ಬಂದರು. ಅದೇ ವರ್ಷದ ನವೆಂಬರ್ ೯ ಮತ್ತು ೧೦ರಂದು ಎರಡೂ ದೇಶಗಳಲ್ಲಿ ಯೆಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಲಾಯಿತು. ಅಂಗಡಿಗಳನ್ನು ಒಡೆದು ಲೂಟಿ ಮಾಡಲಾಯಿತು. ಸುಮಾರು ೩೦,೦೦೦ ಯೆಹೂದಿ ಗಂಡಸರನ್ನು ಬಂಧಿಸಿ ಯಾತನಾ ಶಿಬಿರಗಳಿಗೆ ಒಯ್ಯಲಾಯಿತು. ಬೀದಿಗಳಲ್ಲಿ ಹರಡಿ ಬಿದ್ದಿದ್ದ ಗಾಜಿನ ಚೂರುಗಳ ಕಾರಣದಿಂದ ಈ ಘಟನೆಗೆ 'ಕ್ರಿಸ್ಟಾಲ್‌ನಾಖ್ಟ್', ಅಂದರೆ 'ಸ್ಫಟಿಕದ ರಾತ್ರಿ' ಎಂಬ ಹೆಸರು ಬಂದಿತು.

ಈ ಹಿಂಸಾಚಾರದ ನಂತರ ದೇಶ ಬಿಡಲು ಯತ್ನಿಸಿದ ಕುಟುಂಬಗಳಿಗೆ ಹೊರಗಿನ ಬಾಗಿಲುಗಳು ಬಹುತೇಕ ಮುಚ್ಚಿದ್ದವು. ನಿರುದ್ಯೋಗದ ಭಯದಿಂದ ಅನೇಕ ರಾಷ್ಟ್ರಗಳು ನಿರಾಶ್ರಿತರ ಪ್ರವೇಶವನ್ನು ಮಿತಿಗೊಳಿಸಿದ್ದವು. ೧೯೩೮ರ ನವೆಂಬರ್ ೧೫ರಂದು ಬ್ರಿಟನ್ನಿನ ಯೆಹೂದಿ ಮುಖಂಡರ ನಿಯೋಗವೊಂದು ಪ್ರಧಾನಮಂತ್ರಿ ನೆವಿಲ್ ಚೇಂಬರ್ಲೇನ್ ಅವರನ್ನು ಭೇಟಿಮಾಡಿ, ಮಕ್ಕಳಿಗಾದರೂ ತಾತ್ಕಾಲಿಕ ಆಶ್ರಯ ನೀಡಬೇಕೆಂದು ಕೋರಿತು. ನವೆಂಬರ್ ೨೧ರಂದು ಸಂಸತ್ತಿನ ಕೆಳಮನೆಯಲ್ಲಿ ಈ ವಿಷಯದ ಚರ್ಚೆ ನಡೆಯಿತು. ಹದಿನೇಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳು ಹೆತ್ತವರಿಲ್ಲದೆ ಬರುವುದಾದರೆ ಪ್ರವೇಶ ನೀಡಲಾಗುವುದೆಂದು ಗೃಹ ಸಚಿವ ಸ್ಯಾಮ್ಯುಯಲ್ ಹೋರ್ ತಿಳಿಸಿದರು. ಅವರ ಖರ್ಚು ಸರ್ಕಾರದ ಮೇಲೆ ಬೀಳಬಾರದು ಎಂಬುದು ಷರತ್ತಾಗಿತ್ತು. ಮುಂದೆ ಪ್ರತಿ ಮಗುವಿಗೂ ೫೦ ಪೌಂಡುಗಳ ಖಾತರಿ ಹಣ ಇಡಬೇಕೆಂಬ ನಿಯಮವೂ ಬಂದಿತು. ಮಾಜಿ ಪ್ರಧಾನಮಂತ್ರಿ ಸ್ಟಾನ್ಲಿ ಬಾಲ್ಡ್ವಿನ್ ರೇಡಿಯೊದಲ್ಲಿ ಮಾಡಿದ ಮನವಿಗೆ ಸಾರ್ವಜನಿಕರು ೫ ಲಕ್ಷ ಪೌಂಡುಗಳಿಗೂ ಹೆಚ್ಚು ದೇಣಿಗೆ ನೀಡಿದರು. ಯೆಹೂದಿ ಸಂಸ್ಥೆಗಳೊಂದಿಗೆ ಕ್ವೇಕರ್ ಪಂಥದ ಕ್ರೈಸ್ತರೂ ಈ ಕಾರ್ಯದಲ್ಲಿ ತೊಡಗಿದರು.

ಮೊದಲ ತಂಡದ ಸುಮಾರು ೨೦೦ ಮಕ್ಕಳು ೧೯೩೮ರ ಡಿಸೆಂಬರ್ ೨ರಂದು ಇಂಗ್ಲೆಂಡಿನ ಹಾರ್ವಿಚ್ ಬಂದರಿಗೆ ಬಂದಿಳಿದರು. ಇವರಲ್ಲಿ ಹಲವರು ನವೆಂಬರ್ ಹಿಂಸಾಚಾರದಲ್ಲಿ ನಾಶವಾದ ಬರ್ಲಿನ್ ನಗರದ ಯೆಹೂದಿ ಅನಾಥಾಲಯದವರು. ಡಚ್ ಸಮಾಜಸೇವಕಿ ಗೀರ್ಟ್ರೂಡಾ ವೈಸ್‌ಮುಲ್ಲರ್ ವಿಯೆನ್ನಾಕ್ಕೆ ಹೋಗಿ ನಾಜಿ ಅಧಿಕಾರಿ ಅಡಾಲ್ಫ್ ಐಕ್‌ಮನ್ ಜೊತೆ ನೇರವಾಗಿ ಮಾತನಾಡಿ ಒಪ್ಪಿಗೆ ಪಡೆದ ಬಳಿಕ, ಡಿಸೆಂಬರ್ ೧೦ರಂದು ವಿಯೆನ್ನಾದಿಂದ ಮೊದಲ ರೈಲು ಹೊರಟಿತು. ೧೯೩೯ರ ಸೆಪ್ಟೆಂಬರ್ ೧ರಂದು ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿದಾಗ ಈ ಪ್ರಯಾಣಗಳು ನಿಂತುಹೋದವು. ನೆದರ್ಲೆಂಡ್ಸ್‌ನಲ್ಲಿ ಉಳಿದಿದ್ದ ಮಕ್ಕಳ ಕೊನೆಯ ತಂಡವೊಂದು ೧೯೪೦ರ ಮೇ ೧೪ರಂದು 'ಬೋಡೆಗ್ರಾವನ್' ಹಡಗಿನಲ್ಲಿ ಪಾರಾಯಿತು.

ಈ ಇಡೀ ಕಾರ್ಯಾಚರಣೆಗೆ 'ಕಿಂಡರ್‌ಟ್ರಾನ್ಸ್‌ಪೋರ್ಟ್' ಎಂಬ ಹೆಸರು ಬಳಕೆಯಲ್ಲಿದೆ. ಜರ್ಮನ್ ಭಾಷೆಯಲ್ಲಿ 'ಕಿಂಡರ್' ಎಂದರೆ ಮಕ್ಕಳು. ಹೀಗೆ ಬಂದವರು ಮುಪ್ಪಿನಲ್ಲಿಯೂ ತಮ್ಮನ್ನು 'ಕಿಂಡರ್' ಎಂದೇ ಕರೆದುಕೊಂಡರು. ಬಂದವರಲ್ಲಿ ಸುಮಾರು ೭,೫೦೦ ಮಂದಿ ಯೆಹೂದಿ ಮಕ್ಕಳು. ಇವರಲ್ಲಿ ಅನೇಕರು ತಮ್ಮ ತಂದೆತಾಯಿಯರನ್ನು ಮತ್ತೆ ನೋಡಲಿಲ್ಲ.

ಪ್ರಯಾಣದ ನಿಯಮಗಳು

ಮಕ್ಕಳು ತಾವೇ ಹೊರಬಲ್ಲಷ್ಟು ಸಾಮಾನನ್ನು ಮಾತ್ರ ಒಯ್ಯಬಹುದಾಗಿತ್ತು. ಬೆಲೆಬಾಳುವ ವಸ್ತುಗಳನ್ನು ಒಯ್ಯುವಂತಿರಲಿಲ್ಲ. ಕೈಯಲ್ಲಿ ಕೇವಲ ೧೦ ಮಾರ್ಕ್‌ ಹಣ ಇಟ್ಟುಕೊಳ್ಳಲು ಅವಕಾಶವಿತ್ತು. ಪ್ರತಿ ಮಗುವಿನ ಕುತ್ತಿಗೆಗೆ ಸಂಖ್ಯೆಯಿದ್ದ ಚೀಟಿಯನ್ನು ಕಟ್ಟಲಾಗುತ್ತಿತ್ತು. ಅದೇ ಸಂಖ್ಯೆ ಅವರ ಪೆಟ್ಟಿಗೆಯ ಮೇಲೂ ಇರುತ್ತಿತ್ತು. ಮಕ್ಕಳ ಜೊತೆಗೆ ಹೋಗುತ್ತಿದ್ದ ಹಿರಿಯರು ಇಂಗ್ಲೆಂಡಿನಲ್ಲಿ ಉಳಿಯದೆ ಮರಳಿ ಬರಲೇಬೇಕಾಗಿತ್ತು. ಅವರಲ್ಲಿ ಒಬ್ಬರು ಹಿಂದಿರುಗದಿದ್ದರೂ ಮುಂದಿನ ರೈಲುಗಳಿಗೆ ತಡೆ ಬೀಳುವ ಅಪಾಯವಿತ್ತು. ರೈಲುಗಳು ಜರ್ಮನಿಯ ಗಡಿ ದಾಟಿ ನೆದರ್ಲೆಂಡ್ಸ್‌ನ ಹುಕ್ ಆಫ್ ಹಾಲೆಂಡ್ ಬಂದರಿಗೆ ಬರುತ್ತಿದ್ದವು. ಅಲ್ಲಿಂದ ಹಡಗಿನಲ್ಲಿ ಹಾರ್ವಿಚ್‌ಗೆ ಬಂದ ಮಕ್ಕಳಲ್ಲಿ ಮನೆ ಗೊತ್ತಾಗಿದ್ದವರು ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣಕ್ಕೆ ಹೋಗುತ್ತಿದ್ದರು. ಮನೆ ಗೊತ್ತಾಗದಿದ್ದವರನ್ನು ಡೋವರ್‌ಕೋರ್ಟ್‌ನಲ್ಲಿದ್ದ ಬೇಸಿಗೆ ವಿಹಾರ ಶಿಬಿರದಂತಹ ತಾಣಗಳಲ್ಲಿ ಇರಿಸಲಾಗುತ್ತಿತ್ತು.

ನಿರ್ಮಾಣ

ಚಿತ್ರದ ನಿರ್ಮಾಪಕಿ ಡೆಬೊರಾ ಒಪನ್‌ಹೈಮರ್ ಅವರ ತಾಯಿ ಜರ್ಮನಿಯ ಕೆಮ್‌ನಿಟ್ಸ್ ನಗರದಿಂದ ಕಿಂಡರ್‌ಟ್ರಾನ್ಸ್‌ಪೋರ್ಟ್ ಮೂಲಕ ಇಂಗ್ಲೆಂಡಿಗೆ ಬಂದ ಬಾಲಕಿಯರಲ್ಲಿ ಒಬ್ಬರು. ತಮ್ಮ ಬಾಲ್ಯದ ಬಗ್ಗೆ ಅವರು ಮಗಳೊಂದಿಗೆ ಹೆಚ್ಚಾಗಿ ಮಾತನಾಡಿರಲಿಲ್ಲ. ತಾಯಿಯ ನಿಧನಾನಂತರ, ಅಜ್ಜ-ಅಜ್ಜಿ ಬರೆದಿದ್ದ ಪತ್ರಗಳು ಒಪನ್‌ಹೈಮರ್ ಅವರ ಕೈಸೇರಿದವು. ಕೇಳದೆ ಉಳಿದ ಪ್ರಶ್ನೆಗಳಿಗೆ ಉತ್ತರ ಹುಡುಕುವ ಯತ್ನವಾಗಿ ಈ ಚಿತ್ರದ ಯೋಜನೆ ಆರಂಭವಾಯಿತು. ಅದುವರೆಗೆ ಅವರು ಅಮೆರಿಕದ ದೂರದರ್ಶನ ಹಾಸ್ಯ ಧಾರಾವಾಹಿಗಳ ನಿರ್ಮಾಪಕಿಯಾಗಿ ಪರಿಚಿತರಾಗಿದ್ದರು.

ನಿರ್ದೇಶಕ ಮಾರ್ಕ್ ಜೊನಾಥನ್ ಹ್ಯಾರಿಸ್ ಯುದ್ಧಾನಂತರದ ಯೆಹೂದಿ ನಿರಾಶ್ರಿತರನ್ನು ಕುರಿತ 'ದಿ ಲಾಂಗ್ ವೇ ಹೋಮ್' (೧೯೯೭) ಎಂಬ ಸಾಕ್ಷ್ಯಚಿತ್ರವನ್ನು ಮೊದಲೇ ನಿರ್ದೇಶಿಸಿದ್ದರು. ಆ ಚಿತ್ರಕ್ಕೂ ಆಸ್ಕರ್ ಪ್ರಶಸ್ತಿ ದೊರೆತಿತ್ತು. ವಾಷಿಂಗ್ಟನ್ನಿನಲ್ಲಿರುವ ಅಮೆರಿಕದ ಹೋಲೋಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯದ ಸಹಕಾರದೊಂದಿಗೆ ಹೊಸ ಚಿತ್ರ ಸಿದ್ಧವಾಯಿತು. ಡಾನ್ ಲೆನ್ಜರ್ ಛಾಯಾಗ್ರಹಣ, ಕೇಟ್ ಅಮೆಂಡ್ ಸಂಕಲನ ಮತ್ತು ಲೀ ಹೋಲ್ಡ್ರಿಜ್ ಸಂಗೀತ ನಿರ್ವಹಿಸಿದರು. ವಾರ್ನರ್ ಬ್ರದರ್ಸ್ ಸಂಸ್ಥೆ ವಿತರಿಸಿದ ಈ ಚಿತ್ರದ ಅವಧಿ ಸುಮಾರು ಎರಡು ಗಂಟೆ.

ಕಥನ

ಚಿತ್ರವು ಕಾಲಾನುಕ್ರಮದಲ್ಲಿ ಸಾಗುತ್ತದೆ. ಒಬ್ಬೊಬ್ಬರ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಪ್ರತ್ಯೇಕವಾಗಿ ಹೇಳದೆ, ಪ್ರತಿಯೊಂದು ಘಟ್ಟದಲ್ಲೂ ಹಲವರ ನೆನಪುಗಳನ್ನು ಒಂದರ ಪಕ್ಕದಲ್ಲಿ ಒಂದು ಇರಿಸಲಾಗಿದೆ.

ಮೊದಲ ಭಾಗದಲ್ಲಿ ನಾಜಿ ಆಡಳಿತಕ್ಕೆ ಮುಂಚಿನ ಮನೆ, ಶಾಲೆ, ಹಬ್ಬ, ಆಟಗಳ ನೆನಪುಗಳಿವೆ. ಬಹಿಷ್ಕಾರವು ಮಕ್ಕಳ ಅರಿವಿಗೆ ಬಂದದ್ದು ಕಾನೂನುಗಳ ಮೂಲಕವಲ್ಲ, ದಿನನಿತ್ಯದ ಅವಮಾನಗಳ ಮೂಲಕ. ತನ್ನ ಹುಟ್ಟುಹಬ್ಬಕ್ಕೆ ಕರೆದಿದ್ದ ಗೆಳತಿಯರಲ್ಲಿ ಒಬ್ಬರೂ ಬರಲಿಲ್ಲ ಎಂಬುದನ್ನು ಒಬ್ಬ ಮಹಿಳೆ ನೆನಪಿಸಿಕೊಳ್ಳುತ್ತಾರೆ. ಕ್ರಿಸ್ಟಾಲ್‌ನಾಖ್ಟ್ ನಂತರ ಬಂಧಿತರಾದ ಅವರ ತಂದೆ ಬುಖನ್‌ವಾಲ್ಡ್ ಯಾತನಾ ಶಿಬಿರದಲ್ಲಿ ಸಾವನ್ನಪ್ಪಿದರು.

ಎರಡನೆಯ ಭಾಗ ಬೀಳ್ಕೊಡುಗೆಯನ್ನು ಕುರಿತದ್ದು. ತಂದೆತಾಯಿಯರು ಮಕ್ಕಳನ್ನು ಕಳುಹಿಸಲು ತೀರ್ಮಾನಿಸಿದ್ದು, ಪೆಟ್ಟಿಗೆ ಕಟ್ಟಿದ್ದು, ನಿಲ್ದಾಣದಲ್ಲಿ ಅಳು ತಡೆದುಕೊಂಡದ್ದು ಇವೆಲ್ಲ ಇಲ್ಲಿ ಬರುತ್ತವೆ. ಚಿತ್ರದಲ್ಲಿ ಅತಿ ಹೆಚ್ಚು ಚರ್ಚೆಗೆ ಒಳಗಾದ ಪ್ರಸಂಗ ಬ್ರೆಸ್ಲಾವ್ ನಗರದ ಬಾಲಕಿಯೊಬ್ಬಳದು. ರೈಲು ಚಲಿಸತೊಡಗಿದಾಗ ಕಿಟಕಿಯಿಂದ ಚಾಚಿದ್ದ ಮಗಳ ಕೈಗಳನ್ನು ಹಿಡಿದಿದ್ದ ತಂದೆ, ಆಕೆಯನ್ನು ಬಿಡಲಾರದೆ ಕಿಟಕಿಯ ಮೂಲಕವೇ ಹೊರಗೆ ಎಳೆದುಕೊಂಡರು. ಆಕೆ ಇಂಗ್ಲೆಂಡಿಗೆ ಹೋಗಲಿಲ್ಲ. ಮುಂದೆ ಥೆರೇಸಿಯನ್‌ಸ್ಟಾಟ್, ಆಶ್‌ವಿಟ್ಸ್ ಮೊದಲಾದ ಶಿಬಿರಗಳ ಯಾತನೆ ಅನುಭವಿಸಿ, ಬರ್ಗನ್-ಬೆಲ್ಸನ್ ಶಿಬಿರದಲ್ಲಿ ಬಿಡುಗಡೆ ಹೊಂದಿದರು. ಇದನ್ನು ಹೇಳುವಾಗ ಅವರು ತಮ್ಮ ತಂದೆಯ ಮೇಲೆ ಆರೋಪ ಹೊರಿಸುವುದಿಲ್ಲ.

ಮೂರನೆಯ ಭಾಗದಲ್ಲಿ ಇಂಗ್ಲೆಂಡಿನ ಬದುಕಿದೆ. ಡೋವರ್‌ಕೋರ್ಟ್ ಶಿಬಿರದಲ್ಲಿ ಆಶ್ರಯ ನೀಡಲು ಬಂದವರು ಮಕ್ಕಳನ್ನು ನೋಡಿ ಆರಿಸಿಕೊಳ್ಳುತ್ತಿದ್ದರು. ಚಿಕ್ಕ ವಯಸ್ಸಿನವರಿಗೆ, ಮುದ್ದಾಗಿ ಕಾಣುವವರಿಗೆ ಬೇಗನೆ ಮನೆ ಸಿಗುತ್ತಿತ್ತು. ದೊಡ್ಡ ಹುಡುಗರು ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಕೆಲವರಿಗೆ ಪ್ರೀತಿಯ ಮನೆ ದೊರೆಯಿತು. ಕೆಲವರು ಮನೆಗೆಲಸದವರಂತೆ ದುಡಿಯಬೇಕಾಯಿತು. ಇನ್ನು ಕೆಲವರು ಉತ್ತರ ಐರ್ಲೆಂಡಿನ ಮಿಲ್‌ಐಲ್ ಕೃಷಿಕೇಂದ್ರದಂತಹ ಸಾಮೂಹಿಕ ನೆಲೆಗಳಲ್ಲಿ ಬೆಳೆದರು.

ಈ ಭಾಗದಲ್ಲಿ ಪುನಃಪುನಃ ಬರುವ ಸಂಗತಿಯೆಂದರೆ ಹೆತ್ತವರನ್ನು ಕರೆಸಿಕೊಳ್ಳಲು ಮಕ್ಕಳು ಮಾಡಿದ ಪ್ರಯತ್ನ. ದೊಡ್ಡವರು ಬ್ರಿಟನ್ನಿಗೆ ಬರಬೇಕಾದರೆ ಅವರಿಗೆ ಮನೆಗೆಲಸದ ವೀಸಾ ಅಥವಾ ಉದ್ಯೋಗದ ಖಾತರಿ ಬೇಕಾಗಿತ್ತು. ಭಾಷೆ ಸರಿಯಾಗಿ ಬಾರದ ಮಕ್ಕಳು ಅಪರಿಚಿತರ ಬಾಗಿಲು ತಟ್ಟಿ, ತಮ್ಮ ತಂದೆತಾಯಿಗೆ ಕೆಲಸ ಕೊಡಿರೆಂದು ಬೇಡಿದರು. ಬ್ಯಾಂಕರ್ ಮನೆತನದ ಜೇಮ್ಸ್ ಡಿ ರಾಥ್ಸ್‌ಚೈಲ್ಡ್ ಅವರ ವ್ಯಾಡೆಸ್ಡನ್ ಎಸ್ಟೇಟಿನಲ್ಲಿ ಆಶ್ರಯ ಪಡೆದಿದ್ದ ಬಾಲಕನೊಬ್ಬ ನೇರವಾಗಿ ಅವರ ಬಳಿಯೇ ಹೋಗಿ ತನ್ನ ತಂದೆಗೆ ಕೆಲಸ ಕೇಳಿದನು. ಅದು ಫಲಿಸಿ, ಯುದ್ಧದ ಹೊಸ್ತಿಲಲ್ಲಿ ಹೆತ್ತವರು ಇಂಗ್ಲೆಂಡ್ ತಲುಪಿದರು. ಇಂತಹ ಪ್ರಯತ್ನ ಫಲಿಸದೆ ಹೋದವರು, ತಾವು ಇನ್ನಷ್ಟು ಮನೆಗಳ ಬಾಗಿಲು ತಟ್ಟಬೇಕಾಗಿತ್ತೇನೋ ಎಂಬ ಪ್ರಶ್ನೆಯನ್ನು ಬದುಕಿನುದ್ದಕ್ಕೂ ಹೊತ್ತುಕೊಂಡರು.

ಕೊನೆಯ ಭಾಗ ಯುದ್ಧಕಾಲ ಮತ್ತು ಅದರ ನಂತರದ್ದು. ೧೯೪೦ರಲ್ಲಿ ಬ್ರಿಟಿಷ್ ಸರ್ಕಾರ ಜರ್ಮನಿ ಮತ್ತು ಆಸ್ಟ್ರಿಯಾ ಮೂಲದವರನ್ನು 'ಶತ್ರು ದೇಶದ ಪ್ರಜೆಗಳು' ಎಂದು ಬಂಧನದಲ್ಲಿರಿಸಿತು. ನಾಜಿಗಳಿಂದ ತಪ್ಪಿಸಿಕೊಂಡು ಬಂದಿದ್ದ ಹದಿಹರೆಯದ ಹುಡುಗರೂ ಅವರಲ್ಲಿದ್ದರು. ಚಿತ್ರದಲ್ಲಿ ಮಾತನಾಡುವ ಒಬ್ಬರನ್ನು, ಸುಮಾರು ೨,೫೦೦ ಬಂಧಿತರನ್ನು ತುಂಬಿಕೊಂಡಿದ್ದ 'ಡ್ಯುನೇರಾ' ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಸಾಗಿಸಲಾಯಿತು. ಯುದ್ಧ ಮುಗಿದಾಗ ಹೆಚ್ಚಿನವರಿಗೆ ಮನೆಯವರ ಸಾವಿನ ಸುದ್ದಿ ಬಂದಿತು. ಹೆತ್ತವರು ಬದುಕುಳಿದಿದ್ದ ಕೆಲವೇ ಪ್ರಕರಣಗಳಲ್ಲಿಯೂ ಪುನರ್ಮಿಲನ ಸುಲಭವಾಗಿರಲಿಲ್ಲ. ವಿಯೆನ್ನಾದ ಒಬ್ಬ ಹುಡುಗ ಏಳನೆಯ ವಯಸ್ಸಿನಲ್ಲಿ ನಾರಿಚ್ ನಗರದ ಕುಟುಂಬವೊಂದನ್ನು ಸೇರಿದ್ದನು. ೧೯೪೭ರಲ್ಲಿ ಹೆತ್ತವರನ್ನು ಮತ್ತೆ ಕಂಡಾಗ ಅವನಿಗೆ ಹದಿನಾರು ವರ್ಷ. ಅಷ್ಟರಲ್ಲಿ ಅವನು ತಾಯ್ನುಡಿಯನ್ನು ಮರೆತು ಇಂಗ್ಲಿಷ್ ಹುಡುಗನೇ ಆಗಿದ್ದನು. ಅವನನ್ನು ಸಾಕಿದ ತಾಯಿಯೂ ಚಿತ್ರದಲ್ಲಿ ಮಾತನಾಡಿದ್ದಾರೆ. ಆದ್ದರಿಂದ ಒಂದೇ ಅಗಲಿಕೆಯನ್ನು ಎರಡೂ ಕಡೆಯಿಂದ ಕೇಳಲು ಸಾಧ್ಯವಾಗಿದೆ.

ಪ್ರಮುಖ ಸಾಕ್ಷಿಗಳು

ಲೋರ್ ಸೀಗಲ್: ವಿಯೆನ್ನಾದಲ್ಲಿ ೧೯೨೮ರಲ್ಲಿ ಜನಿಸಿದ ಅಮೆರಿಕದ ಲೇಖಕಿ. ಹತ್ತನೆಯ ವಯಸ್ಸಿನಲ್ಲಿ ವಿಯೆನ್ನಾದ ಮೊದಲ ರೈಲಿನಲ್ಲಿ ಬಂದರು. ಡೋವರ್‌ಕೋರ್ಟ್ ಶಿಬಿರದಿಂದ ಅವರು ಬರೆದ ಮನಕರಗಿಸುವ ಪತ್ರವು ನಿರಾಶ್ರಿತರ ಸಮಿತಿಯ ಕೈಸೇರಿ, ಹೆತ್ತವರಿಗೆ ಮನೆಗೆಲಸದ ವೀಸಾ ದೊರೆಯಲು ಕಾರಣವಾಯಿತು. ಮಗಳ ಹನ್ನೊಂದನೆಯ ಹುಟ್ಟುಹಬ್ಬದ ದಿನ ಅವರು ಇಂಗ್ಲೆಂಡಿಗೆ ಬಂದರು. ಆದರೆ ತಂದೆತಾಯಿ ದುಡಿಯುತ್ತಿದ್ದ ಮನೆಯಲ್ಲಿ ಮಗಳಿಗೆ ಜಾಗವಿರಲಿಲ್ಲವಾದ್ದರಿಂದ ಸೀಗಲ್ ಒಂದಾದ ಮೇಲೊಂದರಂತೆ ಬೇರೆಬೇರೆ ಮನೆಗಳಲ್ಲಿ ಬೆಳೆದರು. ಈ ಅನುಭವವನ್ನು ಆಧರಿಸಿದ ಅವರ ಕಾದಂಬರಿ 'ಅದರ್ ಪೀಪಲ್ಸ್ ಹೌಸಸ್' ೧೯೬೪ರಲ್ಲಿ ಪ್ರಕಟವಾಯಿತು. ೨೦೨೪ರಲ್ಲಿ ನಿಧನರಾದರು.

ಫ್ರಾನ್ಸಿ ಗ್ರೋಸ್‌ಮನ್: ಲೋರ್ ಸೀಗಲ್ ಅವರ ತಾಯಿ. ಮಗುವನ್ನು ರೈಲು ಹತ್ತಿಸಿದ ಹೆತ್ತವರ ಪೈಕಿ ಚಿತ್ರದಲ್ಲಿ ಸ್ವತಃ ಮಾತನಾಡುವವರು ಇವರೇ. ಚಿತ್ರ ತೆರೆಕಂಡಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ತಾಯಿ ಮತ್ತು ಮಗಳ ಹೇಳಿಕೆಗಳು ಒಂದೇ ದಿನದ ಎರಡು ರೂಪಗಳನ್ನು ತೋರಿಸುತ್ತವೆ. ಮಗಳ ನೆನಪಿನಲ್ಲಿ ಉಳಿದದ್ದು ದಾರಿಗೆಂದು ತಾಯಿ ಕಟ್ಟಿಕೊಟ್ಟಿದ್ದ ಸಾಸೇಜ್. ಅದನ್ನು ತಿನ್ನಲೂ ಆಗದೆ ಎಸೆಯಲೂ ಮನಸ್ಸಾಗದೆ ಇಟ್ಟುಕೊಂಡದ್ದರಿಂದ ಅದು ಕೊಳೆತುಹೋಯಿತು ಎಂದು ಅವರು ಹೇಳುತ್ತಾರೆ.

ನಾರ್ಬರ್ಟ್ ವೋಲ್‌ಹೈಮ್ (೧೯೧೩–೧೯೯೮): ಬರ್ಲಿನ್ನಿನಿಂದ ಮಕ್ಕಳ ತಂಡಗಳನ್ನು ಕಳುಹಿಸುವ ವ್ಯವಸ್ಥೆ ನೋಡಿಕೊಂಡ ಯುವ ಕಾರ್ಯಕರ್ತ. ಮಕ್ಕಳ ಜೊತೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಯೇ ಉಳಿಯುವ ಅವಕಾಶವಿದ್ದರೂ ಪ್ರತಿಬಾರಿಯೂ ಜರ್ಮನಿಗೆ ಮರಳಿದರು. ೧೯೪೩ರಲ್ಲಿ ಅವರನ್ನೂ ಪತ್ನಿ ಮತ್ತು ಪುಟ್ಟ ಮಗನನ್ನೂ ಆಶ್‌ವಿಟ್ಸ್‌ಗೆ ಗಡೀಪಾರು ಮಾಡಲಾಯಿತು. ಪತ್ನಿ ಮತ್ತು ಮಗ ಅಲ್ಲಿ ಕೊಲೆಯಾದರು. ಬದುಕುಳಿದ ವೋಲ್‌ಹೈಮ್, ಬಲವಂತದ ದುಡಿಮೆಗಾಗಿ ಐ. ಜಿ. ಫಾರ್ಬೆನ್ ಕಂಪನಿಯ ವಿರುದ್ಧ ೧೯೫೧ರಲ್ಲಿ ಮೊಕದ್ದಮೆ ಹೂಡಿ ೧೯೫೩ರಲ್ಲಿ ಗೆದ್ದರು. ಚಿತ್ರ ತೆರೆಕಾಣುವ ಮುನ್ನವೇ ನಿಧನರಾದರು.

ನಿಕೋಲಸ್ ವಿಂಟನ್ (೧೯೦೯–೨೦೧೫): ಲಂಡನ್ನಿನ ಷೇರು ದಲ್ಲಾಳಿ. ೧೯೩೮ರ ಕೊನೆಯಲ್ಲಿ ಪ್ರಾಗ್ ನಗರಕ್ಕೆ ಹೋದಾಗ ಅಲ್ಲಿನ ನಿರಾಶ್ರಿತ ಮಕ್ಕಳ ಸ್ಥಿತಿಯನ್ನು ಕಂಡು, ಡೋರೀನ್ ವಾರಿನರ್, ಟ್ರೆವರ್ ಚಾಡ್ವಿಕ್ ಮೊದಲಾದವರ ಜೊತೆಗೂಡಿ ೬೬೯ ಮಕ್ಕಳನ್ನು ಬ್ರಿಟನ್ನಿಗೆ ತರುವ ವ್ಯವಸ್ಥೆ ಮಾಡಿದರು. ೧೯೩೯ರ ಸೆಪ್ಟೆಂಬರ್ ೧ರಂದು ಹೊರಡಬೇಕಾಗಿದ್ದ, ಸುಮಾರು ೨೫೦ ಮಕ್ಕಳ ರೈಲು ಯುದ್ಧದ ಕಾರಣ ಹೊರಡಲೇ ಇಲ್ಲ. ಅವರ ಈ ಕಾರ್ಯ ೧೯೮೮ರವರೆಗೆ ಸಾರ್ವಜನಿಕರಿಗೆ ಅಷ್ಟಾಗಿ ತಿಳಿದಿರಲಿಲ್ಲ.

ಹೆಡಿ ಎಪ್‌ಸ್ಟೈನ್ (೧೯೨೪–೨೦೧೬): ಜರ್ಮನಿಯ ಕಿಪ್ಪನ್‌ಹೈಮ್ ಊರಿನವರು. ಹೊರಡುವ ಮುನ್ನ, ತನ್ನನ್ನು ತೊಲಗಿಸಲೆಂದೇ ಕಳುಹಿಸುತ್ತಿದ್ದೀರೆಂದು ಹೆತ್ತವರ ಮೇಲೆ ಕೋಪಗೊಂಡಿದ್ದನ್ನು ಅವರು ಚಿತ್ರದಲ್ಲಿ ಹೇಳಿಕೊಂಡಿದ್ದಾರೆ. ಅವರ ಹೆತ್ತವರನ್ನು ೧೯೪೦ರಲ್ಲಿ ಫ್ರಾನ್ಸಿನ ಗುರ್ಸ್ ಶಿಬಿರಕ್ಕೂ ೧೯೪೨ರಲ್ಲಿ ಆಶ್‌ವಿಟ್ಸ್‌ಗೂ ಸಾಗಿಸಲಾಯಿತು. ಪೂರ್ವಕ್ಕೆ ಪ್ರಯಾಣಿಸುತ್ತಿರುವುದಾಗಿ ತಾಯಿ ಬರೆದ ಕಾರ್ಡ್ ಅವರಿಗೆ ಬಂದ ಕೊನೆಯ ಸುದ್ದಿ. ಯುದ್ಧದ ನಂತರ ನ್ಯೂರೆಂಬರ್ಗ್‌ನಲ್ಲಿ ನಡೆದ ವೈದ್ಯರ ವಿಚಾರಣೆಯಲ್ಲಿ ಕೆಲಸ ಮಾಡಿದರು. ನಂತರ ಅಮೆರಿಕದಲ್ಲಿ ಮಾನವ ಹಕ್ಕುಗಳ ಹೋರಾಟಗಾರ್ತಿಯಾಗಿ ಹೆಸರಾದರು.

ಬರ್ತಾ ಲೆವರ್ಟನ್: ಮ್ಯೂನಿಕ್ ನಗರದವರು. ೧೯೮೯ರಲ್ಲಿ ಲಂಡನ್ನಿನಲ್ಲಿ ಕಿಂಡರ್‌ಟ್ರಾನ್ಸ್‌ಪೋರ್ಟ್‌ನ ಐವತ್ತು ವರ್ಷಗಳ ಪುನರ್ಮಿಲನವನ್ನು ಸಂಘಟಿಸಿದರು. ಒಂದು ಸಾವಿರಕ್ಕೂ ಹೆಚ್ಚು ಮಂದಿ ಸೇರಿದ ಆ ಸಭೆಯ ನಂತರವೇ ಅನೇಕ 'ಕಿಂಡರ್' ತಮ್ಮ ಕಥೆಗಳನ್ನು ಬಹಿರಂಗವಾಗಿ ಹೇಳತೊಡಗಿದರು.

ನಿರೂಪಣಾ ವಿಧಾನ

ಚಿತ್ರವು ಮೂರು ಬಗೆಯ ಸಾಮಗ್ರಿಯನ್ನು ಹೆಣೆಯುತ್ತದೆ. ಮೊದಲನೆಯದು ವ್ಯಕ್ತಿಗಳ ಸಂದರ್ಶನ. ಎರಡನೆಯದು ಆ ಕಾಲದ ಚಲನಚಿತ್ರ ತುಣುಕುಗಳು ಮತ್ತು ಛಾಯಾಚಿತ್ರಗಳು. ಮೂರನೆಯದು ಮಕ್ಕಳು ಜೊತೆಗೆ ತಂದಿದ್ದ ಪೆಟ್ಟಿಗೆ, ಬಟ್ಟೆ, ಆಟಿಕೆ, ಪತ್ರಗಳಂತಹ ವಸ್ತುಗಳ ಸಮೀಪದೃಶ್ಯಗಳು. ಜೂಡಿ ಡೆಂಚ್ ಅವರ ನಿರೂಪಣೆ ದಿನಾಂಕ ಮತ್ತು ರಾಜಕೀಯ ಸಂದರ್ಭವನ್ನು ತಿಳಿಸುವುದಕ್ಕಷ್ಟೇ ಸೀಮಿತವಾಗಿದೆ. ಭಾವನೆಯ ಮಾತುಗಳನ್ನು ಸಾಕ್ಷಿಗಳಿಗೇ ಬಿಡಲಾಗಿದೆ.

ಯಾತನಾ ಶಿಬಿರಗಳ ಭೀಕರ ದೃಶ್ಯಗಳು ಚಿತ್ರದ ಕೇಂದ್ರದಲ್ಲಿಲ್ಲ. ಹೆತ್ತವರಿಗೆ ಏನಾಯಿತೆಂಬುದು ಮಕ್ಕಳಿಗೆ ತಿಳಿದುಬಂದ ರೀತಿಯಲ್ಲೇ ಪ್ರೇಕ್ಷಕರಿಗೂ ತಿಳಿಯುತ್ತದೆ. ವಾರವಾರ ಬರುತ್ತಿದ್ದ ಪತ್ರಗಳು ಯುದ್ಧ ಆರಂಭವಾದ ಮೇಲೆ ರೆಡ್ ಕ್ರಾಸ್ ಮೂಲಕ ಬರುವ ಕೆಲವೇ ಪದಗಳ ಸಂದೇಶಗಳಾಗುತ್ತವೆ. ಮುಂದೆ ಅವೂ ನಿಲ್ಲುತ್ತವೆ.

ವಸ್ತು ಮತ್ತು ಆಶಯ

ಚಿತ್ರದ ಪ್ರಧಾನ ವಸ್ತು ರಕ್ಷಣೆ ಮತ್ತು ಅಗಲಿಕೆ ಒಂದೇ ಕ್ರಿಯೆಯ ಎರಡು ಮುಖಗಳಾಗಿದ್ದುದು. ಮಕ್ಕಳ ಜೀವ ಉಳಿಸಿದ ಅದೇ ನಿಯಮವು ಅವರ ಹೆತ್ತವರನ್ನು ಹೊರಗಿರಿಸಿತ್ತು. ಆದ್ದರಿಂದ ಕಿಂಡರ್‌ಟ್ರಾನ್ಸ್‌ಪೋರ್ಟ್ ಬ್ರಿಟನ್ನಿನ ಔದಾರ್ಯಕ್ಕೆ ನಿದರ್ಶನವಾಗಿರುವಂತೆಯೇ ಆ ಔದಾರ್ಯಕ್ಕಿದ್ದ ಮಿತಿಯನ್ನೂ ತೋರಿಸುತ್ತದೆ. ಇತರ ದೇಶಗಳು ಇಷ್ಟನ್ನೂ ಮಾಡಲಿಲ್ಲ ಎಂಬುದೂ ಈ ಇತಿಹಾಸದ ಭಾಗ. ಎರಡು ವರ್ಷಗಳಲ್ಲಿ ೨೦,೦೦೦ ಮಕ್ಕಳಿಗೆ ಪ್ರವೇಶ ನೀಡುವ ಉದ್ದೇಶದ ವ್ಯಾಗ್ನರ್-ರಾಜರ್ಸ್ ಮಸೂದೆ ೧೯೩೯ರಲ್ಲಿ ಅಮೆರಿಕದ ಶಾಸನಸಭೆಯಲ್ಲಿ ಅಂಗೀಕಾರವಾಗದೆ ಬಿದ್ದುಹೋಯಿತು.

ಎರಡನೆಯ ವಸ್ತು ಕೃತಜ್ಞತೆಯ ಭಾರ. ಮಕ್ಕಳು ಆಶ್ರಯ ನೀಡಿದ ಮನೆಯವರಿಗೆ ಸದಾ ಋಣಿಗಳಾಗಿರಬೇಕಾಗಿತ್ತು. ಅವರು ಅತ್ತರೆ ಅದು ಕೃತಘ್ನತೆಯಂತೆ ಕಾಣಬಹುದಾಗಿತ್ತು. ಆದುದರಿಂದ ಅನೇಕರು ದುಃಖವನ್ನು ಅದುಮಿಟ್ಟುಕೊಂಡು ಬೆಳೆದರು. ಮುಂದೆ ತಮ್ಮ ಮಕ್ಕಳೊಂದಿಗೂ ಆ ಬಗ್ಗೆ ಮಾತನಾಡಲಿಲ್ಲ. ಶಿಬಿರಗಳಿಂದ ಬದುಕುಳಿದು ಬಂದವರ ನೋವಿನ ಮುಂದೆ ತಮ್ಮದು ಹೇಳಿಕೊಳ್ಳುವಷ್ಟು ದೊಡ್ಡದಲ್ಲ ಎಂಬ ಸಂಕೋಚವೂ ಈ ಮೌನಕ್ಕೆ ಕಾರಣವಾಗಿತ್ತು.

ಮೂರನೆಯದು ಕಾಲಾಂತರದಲ್ಲಿ ಬದಲಾಗುವ ತಿಳಿವಳಿಕೆ. ಎಂಟು ಹತ್ತು ವರ್ಷದ ಮಗುವಿಗೆ ತನ್ನನ್ನು ಕಳುಹಿಸಿಬಿಟ್ಟರೆಂಬ ಭಾವನೆ ಬರುವುದು ಸಹಜ. ಅದೇ ಮಗು ಬೆಳೆದು, ತಾನೂ ತಾಯಿಯೋ ತಂದೆಯೋ ಆದ ಮೇಲೆ ಆ ನಿರ್ಧಾರದ ಬೆಲೆಯನ್ನು ಅರಿಯುತ್ತದೆ. ತಮ್ಮ ಮಕ್ಕಳನ್ನು ಹೀಗೆ ಕಳುಹಿಸಿಕೊಡಲು ತಮ್ಮಿಂದ ಸಾಧ್ಯವಾಗುತ್ತಿತ್ತೇ ಎಂಬ ಪ್ರಶ್ನೆ ಈ ಇಳಿವಯಸ್ಸಿನ ಸಾಕ್ಷಿಗಳ ಮುಂದಿದೆ. ಇತಿಹಾಸದ ದಾಖಲೆಯಾಗಿ ಬಾಲ್ಯದ ನೆನಪಿಗೆ ಮಿತಿಗಳಿವೆ: ಮಗುವಿಗೆ ದಿನಾಂಕ, ಕಾನೂನುಗಳು ತಿಳಿದಿರುವುದಿಲ್ಲ. ಆದರೆ ಆಡಳಿತದ ಕಡತಗಳಲ್ಲಿ ದಾಖಲಾಗದ ಸಂಗತಿಗಳನ್ನು, ಉದಾಹರಣೆಗೆ ರೈಲು ಹೊರಟಾಗ ನಿಲ್ದಾಣದಲ್ಲಿ ನಿಂತಿದ್ದವರ ಮುಖಭಾವವನ್ನು, ಆ ನೆನಪು ಉಳಿಸಿಕೊಂಡಿರುತ್ತದೆ. ಚಿತ್ರವು ನಿರೂಪಣೆಯಲ್ಲಿ ದಾಖಲೆಗಳನ್ನೂ ಸಂದರ್ಶನಗಳಲ್ಲಿ ನೆನಪುಗಳನ್ನೂ ಬಳಸಿ ಇವೆರಡನ್ನು ಜೋಡಿಸಿದೆ.

ಬಿಡುಗಡೆ ಮತ್ತು ಪ್ರಶಸ್ತಿಗಳು

ಚಿತ್ರವು ೨೦೦೦ದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ೨೦೦೧ರ ಮಾರ್ಚ್ ೨೫ರಂದು ನಡೆದ ಆಸ್ಕರ್ ಸಮಾರಂಭದಲ್ಲಿ 'ಲೆಗಸಿ', 'ಲಾಂಗ್ ನೈಟ್ಸ್ ಜರ್ನಿ ಇನ್‌ಟು ಡೇ', 'ಸ್ಕಾಟ್ಸ್‌ಬರೋ: ಆ್ಯನ್ ಅಮೆರಿಕನ್ ಟ್ರ್ಯಾಜಿಡಿ' ಮತ್ತು 'ಸೌಂಡ್ ಅಂಡ್ ಫ್ಯೂರಿ' ಚಿತ್ರಗಳೊಡನೆ ಸ್ಪರ್ಧಿಸಿ ಅತ್ಯುತ್ತಮ ಸಾಕ್ಷ್ಯಚಿತ್ರ ಪ್ರಶಸ್ತಿಯನ್ನು ಗಳಿಸಿತು. ಹ್ಯಾರಿಸ್ ಮತ್ತು ಒಪನ್‌ಹೈಮರ್ ಪ್ರಶಸ್ತಿಯನ್ನು ಸ್ವೀಕರಿಸಿದರು. ಸಾಂಸ್ಕೃತಿಕ, ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವವುಳ್ಳ ಚಿತ್ರಗಳನ್ನು ಸಂರಕ್ಷಿಸುವ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ೨೦೧೪ರಲ್ಲಿ ಸೇರ್ಪಡೆಯಾಯಿತು.

ಪುಸ್ತಕ

ಚಿತ್ರದ ಹೆಸರಿನಲ್ಲಿಯೇ ಹ್ಯಾರಿಸ್ ಮತ್ತು ಒಪನ್‌ಹೈಮರ್ ಸಿದ್ಧಪಡಿಸಿದ ಪುಸ್ತಕವು ೨೦೦೦ರಲ್ಲಿ ಪ್ರಕಟವಾಯಿತು. ಚಿತ್ರಕ್ಕಾಗಿ ನಡೆಸಿದ ಸಂದರ್ಶನಗಳ ವಿಸ್ತೃತ ರೂಪ ಇದರಲ್ಲಿದೆ. ಇತಿಹಾಸಕಾರ ಡೇವಿಡ್ ಸೆಸರಾನಿ ಐತಿಹಾಸಿಕ ಪೀಠಿಕೆಯನ್ನು ಬರೆದಿದ್ದಾರೆ. ಮುನ್ನುಡಿ ಬರೆದ ನಟ ಮತ್ತು ನಿರ್ದೇಶಕ ರಿಚರ್ಡ್ ಆಟನ್‌ಬರೋ, 'ಗಾಂಧಿ' (೧೯೮೨) ಚಿತ್ರದ ಮೂಲಕ ಭಾರತೀಯರಿಗೆ ಪರಿಚಿತರು. ಅವರ ಹೆತ್ತವರು ಯುದ್ಧಕಾಲದಲ್ಲಿ ಇಬ್ಬರು ಯೆಹೂದಿ ನಿರಾಶ್ರಿತ ಸೋದರಿಯರನ್ನು ತಮ್ಮ ಮನೆಯಲ್ಲಿ ಬೆಳೆಸಿದ್ದರು.

ನಂತರದ ಬೆಳವಣಿಗೆಗಳು

೨೦೦೩ರಲ್ಲಿ ನಿಕೋಲಸ್ ವಿಂಟನ್ ಅವರಿಗೆ ಬ್ರಿಟನ್ನಿನ 'ಸರ್' ಪದವಿ ಪ್ರದಾನವಾಯಿತು. ೨೦೦೬ರಲ್ಲಿ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದ ಬಳಿ, ಪೆಟ್ಟಿಗೆಗಳೊಂದಿಗೆ ನಿಂತ ಮಕ್ಕಳ ಕಂಚಿನ ಪ್ರತಿಮೆಗಳನ್ನು ಸ್ಥಾಪಿಸಲಾಯಿತು. ಇದನ್ನು ರಚಿಸಿದ ಶಿಲ್ಪಿ ಫ್ರಾಂಕ್ ಮೈಸ್ಲರ್ ಸ್ವತಃ ಡಾನ್‌ಸಿಗ್ ನಗರದಿಂದ ಕಿಂಡರ್‌ಟ್ರಾನ್ಸ್‌ಪೋರ್ಟ್ ಮೂಲಕ ಬಂದವರು. ಅವರ ಇಂತಹುದೇ ಶಿಲ್ಪವನ್ನು ೨೦೦೮ರಲ್ಲಿ ಬರ್ಲಿನ್ನಿನಲ್ಲಿಯೂ ಸ್ಥಾಪಿಸಲಾಯಿತು. ಕಾರ್ಯಾಚರಣೆಗೆ ೮೦ ವರ್ಷ ತುಂಬಿದ ೨೦೧೮ರ ಡಿಸೆಂಬರ್‌ನಲ್ಲಿ, ಬದುಕಿರುವ 'ಕಿಂಡರ್'ಗೆ ತಲಾ ೨,೫೦೦ ಯೂರೊ ಪರಿಹಾರ ನೀಡಲು ಜರ್ಮನ್ ಸರ್ಕಾರ ಒಪ್ಪಿತು.

ಚಿತ್ರದಲ್ಲಿ ಮಾತನಾಡಿದವರ ಪೈಕಿ ಅನೇಕರು ಈಗ ಬದುಕಿಲ್ಲ. ಹೀಗಾಗಿ ಚಿತ್ರಕ್ಕಾಗಿ ಧ್ವನಿಮುದ್ರಿಸಿದ ಹೇಳಿಕೆಗಳಿಗೆ ಮೂಲ ದಾಖಲೆಯ ಮಹತ್ವವೂ ಬಂದಿದೆ.

ಸಂಬಂಧಿತ ಕೃತಿಗಳು

ಮೈ ನೀಸ್ ವರ್ ಜಂಪಿಂಗ್ (೧೯೯೬): ಕಿಂಡರ್‌ಟ್ರಾನ್ಸ್‌ಪೋರ್ಟ್ ಕುರಿತ ಮೆಲಿಸ್ಸಾ ಹ್ಯಾಕರ್ ಅವರ ಸಾಕ್ಷ್ಯಚಿತ್ರ. ಇವರ ತಾಯಿಯೂ ಆ ಮಕ್ಕಳಲ್ಲಿ ಒಬ್ಬರು.

ಕಿಂಡರ್‌ಟ್ರಾನ್ಸ್‌ಪೋರ್ಟ್ (೧೯೯೩): ಡಯೇನ್ ಸ್ಯಾಮ್ಯುಯಲ್ಸ್ ರಚಿಸಿದ ನಾಟಕ.

ದಿ ಪವರ್ ಆಫ್ ಗುಡ್ (೨೦೦೨): ನಿಕೋಲಸ್ ವಿಂಟನ್ ಅವರನ್ನು ಕುರಿತು ಮಾತೇಯ್ ಮಿನಾಚ್ ನಿರ್ದೇಶಿಸಿದ ಸಾಕ್ಷ್ಯಚಿತ್ರ.

ಒನ್ ಲೈಫ್ (೨೦೨೩): ವಿಂಟನ್ ಅವರ ಜೀವನವನ್ನು ಆಧರಿಸಿದ ಕಥಾಚಿತ್ರ. ಇಳಿವಯಸ್ಸಿನ ವಿಂಟನ್ ಪಾತ್ರದಲ್ಲಿ ಆಂಥೊನಿ ಹಾಪ್ಕಿನ್ಸ್ ನಟಿಸಿದ್ದಾರೆ.